ಎಳ್ಳಮಾಸಿಯ ಸುಳ್ಳು

ಯಶೋಧಾ ಅಪ್ಪನ ಡೈರಿಯಲ್ಲಿ ಒಂದು ಸುಳ್ಳು ಸೇರಿಸಿದಳು. ಸೇರಿಸುವುದೇ ಅವಳ ನೌಕರಿ. ಕಂಪ್ಯೂಟರು ನಾನೂರು ಪುಟದ ಬರಹವನ್ನು ಅರ್ಥ ಮಾಡಿಕೊಂಡು ಓದುತ್ತದೆಯೋ, ಇಲ್ಲಾ ಬರೀ ಕಣ್ಣಾಡಿಸಿ ಜಾಣನಂತೆ ತಲೆಯಾಡಿಸುತ್ತದೆಯೋ ಎಂದು ನೋಡಬೇಕು. ಅದಕ್ಕೇ ನಡುವೆಲ್ಲೋ ಒಂದು ಸಾಲು ಅಡಗಿಸಿಟ್ಟು ಅದರ ಮೇಲೆ ಪ್ರಶ್ನೆ ಕೇಳುವುದು. ಎಲ್ಲೂ ಅಚ್ಚಾಗದ ಉದ್ದನೆಯ ಬರಹ ಬೇಕು ಎಂದು ಕಂಪನಿಯವರು ಹೇಳಿದಾಗ, ಯಂಕಂಚಿಯ ಮನೆಯಲ್ಲೇ ಇದ್ದ ಅಪ್ಪನ ಡೈರಿಗಳ ಫೋಟೋ ಹೊಡೆದು ಒಳಗೆ ಹಾಕಿದ್ದಳು. ಮಳೆ ಬಂತು, ಎತ್ತು ಕುಂಟಿತು ಎಂಬುದನ್ನು ಬಿಟ್ಟು ಅಪ್ಪ ಭೀಮಶ್ಯಾ ಬರೆಯುವುದಾದರೂ ಏನು? ಅಷ್ಟನ್ನೂ ಕೂತು ಓದಲು ಅವಳಿಗೇನು ಹುಚ್ಚೇ?

ಅಡಗಿಸಲು ಯಾವ ಸಾಲಾದರೂ ನಡೆಯುತ್ತಿತ್ತು. ಬೆರಳು ಕೇಳಬೇಕಲ್ಲ. ಆರು ವರ್ಷದ ಹಿಂದಿನ ಎಳ್ಳಮಾಸಿಯ ತಾರೀಖು ಹುಡುಕಿ, ಮುಂದಿನ ಸಾಲುಗಳ ಮೇಲೆ ಕಣ್ಣೂ ಹಾಯಿಸದೆ ಬರೆದೇಬಿಟ್ಟಳು: ‘ಪ್ರಜ್ಞಾ ಬಂದಿದ್ದಳು. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಂಡೆವು.’

ಅಕ್ಕ ಪ್ರಜ್ಞಾ ಮನೆ ಬಿಟ್ಟು ಒಂಬತ್ತು ವರ್ಷ. ತಾನು ಮೆಚ್ಚಿದವನ ಕೈ ಹಿಡಿದು ಚಡಚಣಕ್ಕೆ ಹೋದ ದಿನವೇ, ಈ ಮನೆಯಲ್ಲಿ ಅವಳ ಹೆಸರು ಎತ್ತಕೂಡದು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಉಳಿದ ನಾಲ್ಕು ಮಂದಿಯಲ್ಲಿ, ಅಪ್ಪ, ಅವ್ವ, ಅಜ್ಜಿ, ಯಶೋಧಾ, ಯಾರೂ ಎತ್ತಲಿಲ್ಲ. ಆದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಎಳ್ಳಮಾಸಿ ಹತ್ತಿರ ಬಂದರೆ ಸಾಕು, ಒಂದೇ ತಾಟಿನಲ್ಲಿ ಜಗಳಾಡುತ್ತ ಉಣ್ಣುತ್ತಿದ್ದ ಅಕ್ಕ ಬೇಕೇ ಬೇಕು ಅನಿಸುತ್ತಿತ್ತು ಯಶೋಧಾಳಿಗೆ. ಈಗಲೂ ಹಬ್ಬಕ್ಕೆ ಹತ್ತೇ ದಿನ.

“ನನ್ನ ಅಕ್ಷರ ಅದಕ್ಕ ತಿಳಿತಾವೇನು?” ಎನ್ನುತ್ತ ಭೀಮಶ್ಯಾ ಬಂದು ಪಕ್ಕದಲ್ಲೇ ಕುಳಿತ. ಕಂಪ್ಯೂಟರಿಗೆ ಪ್ರಶ್ನೆ ಆಗಲೇ ಹೋಗಿಬಿಟ್ಟಿತ್ತು: ಪ್ರಜ್ಞಾ ಯಾವಾಗ ಬಂದಿದ್ದಳು? ಯಶೋಧಾ ಪರದೆ ಮುಚ್ಚುವಷ್ಟರಲ್ಲಿ ಅಪ್ಪ ಚಾಳೀಸು ಕಣ್ಣಿಗೇರಿಸಿ, ಮೂಡಿದ ಉತ್ತರವನ್ನು ತಾನೇ ಓದತೊಡಗಿದ.

‘ಎಳ್ಳಮಾಸಿಗೆ ಬಂದಿದ್ದಳೆಂದು ಒಂದು ಸಾಲಿದೆ. ಆದರೆ ನಂಬುವುದು ಕಷ್ಟ. ಡೈರಿ ಬರೆದವರು ಅದೇ ದಿನದ ಪುಟದಲ್ಲಿ, ಐದು ಮಂದಿಗೆ ಬುತ್ತಿ ಕಟ್ಟಿಸಿದೆ, ನಾಲ್ವರು ಉಂಡೆವು, ಒಬ್ಬರ ಪಾಲು ಮನೆಗೆ ಮರಳಿತು ಎಂದಿದ್ದಾರೆ. ಒಂಬತ್ತು ವರ್ಷವೂ ಎಳ್ಳಮಾಸಿಯ ದಿನ ಇದನ್ನೇ ಬರೆದಿದ್ದಾರೆ. ಅವರು ಕಾಯುತ್ತಿದ್ದ ಐದನೆಯವರು ಒಮ್ಮೆಯೂ ಬಂದಂತಿಲ್ಲ.’

ಮರಳಿ ಬಂದ ಆ ಸಜ್ಜಿ ರೊಟ್ಟಿಗಳನ್ನು ವರ್ಷವರ್ಷವೂ ಬಿಚ್ಚಿಟ್ಟವಳು ಯಶೋಧಾಳೇ. ಅವ್ವ ದುರ್ಗವ್ವನಿಗೆ ಅಂದಾಜು ತಪ್ಪುತ್ತದೆ ಎಂದುಕೊಂಡಿದ್ದಳು. ಈಗ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

“ತಪ್ಪಾತು, ಅಪ್ಪಾ. ಆ ಸಾಲ ನಾನ ಹಾಕೇನಿ. ಅಳಸ್ತೇನಿ.”

ಭೀಮಶ್ಯಾ ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸಿದ. ಒರೆಸುತ್ತಲೇ ಇದ್ದ.

“ಅಳಸಬ್ಯಾಡ,” ಎಂದ. “ತಾರೀಖಷ್ಟ ತಿದ್ದು. ಈ ವರ್ಷದ್ದ ಹಾಕು.”