ಬ್ಲೇಡು ಹಾಕಿದ ಫ್ರಾಕುಗಳು

ಹುಬ್ಬಳ್ಳಿಯ ಮುರಿಗೆಪ್ಪನವರು ಮಕ್ಕಳ ಬಟ್ಟೆಯ ದೊಡ್ಡ ವ್ಯಾಪಾರಿ. ಮಾತು ಬೆಣ್ಣೆ... ವ್ಯಾಪಾರದಲ್ಲಿ ಮಾತ್ರ ಮಹಾ ಬಿಗಿ.

ಫ್ಯಾಷನ್ ಹಳೆಯದಾಗಿ ಉಳಿದುಹೋದ ಫ್ರಾಕುಗಳನ್ನು ಯಾರಿಗೂ ಕೊಡುತ್ತಿರಲಿಲ್ಲ. ತಾವೇ ಕೂತು ಬ್ಲೇಡಿನಿಂದ ಪರಪರ ನಾಲ್ಕು ಚೂರು ಮಾಡಿ, ಹಿಂದಿನ ಗೇಟಿನ ಬಳಿ ಕಸಕ್ಕೆ ಹಾಕಿಸುತ್ತಿದ್ದರು.

"ಪುಕ್ಕಟೆ ಸಿಕ್ಕರ ನಮ್ಮ ಅಂಗಡಿಗೆ ಯಾರು ಬರ್ತಾರ? ಬ್ರ್ಯಾಂಡಿನ ಮರ್ಯಾದಿ ಏನಾಗಬೇಕು?" ಎನ್ನುತ್ತಿದ್ದರು. ಅದೆಂಥ ಮರ್ಯಾದೆಯೋ, ದೇವರೇ ಬಲ್ಲ!

ಒಂದು ಬೆಳಿಗ್ಗೆ ಗೇಟಿನ ಬಳಿ ಒಬ್ಬ ಅಜ್ಜಿ ಆ ಚೂರುಗಳನ್ನು ಆರಿಸುತ್ತಿದ್ದಳು... ಮುರಿಗೆಪ್ಪನವರಿಗೆ ರೇಗಿತು.

"ಏ ಅಜ್ಜಿ, ಹರಕ ಅರಿವಿ ತಗೊಂಡು ಏನ್ ಮಾಡ್ತೀ?"

ಇವರೇ ಮಾಲೀಕರೆಂದು ಅಜ್ಜಿಗೇನು ಗೊತ್ತು? ಬೊಚ್ಚು ಬಾಯಿ ತುಂಬ ನಕ್ಕಳು.

"ಚೂರಿಗೆ ಚೂರು ಜೋಡಿಸಿ ಹೊದಿಯಾಕ ಕೌದಿ ಹೊಲಿತೀನಪಾ. ಬಾಣಂತ್ಯಾರ ಮನಿಗೆ ಕೊಡ್ತೀನಿ. ಕೂಸುಗಳು ಬೆಚ್ಚಗ ಮಲಗತಾವು."

ಆಮೇಲೆ ಸೊಟ್ಟಗಾದ ಬೆರಳು ತೋರಿಸಿದಳು...

"ಈ ಕೈಯಾಗ ಸೂಜಿ ಹಿಡಿತೀನಿ, ಕತ್ತರಿ ಹಿಡಿಯಾಕ ಆಗಂಗಿಲ್ಲ. ಇಲ್ಲಿ ಯಾರೋ ಪುಣ್ಯಾತ್ಮ ಅದಾನ ನೋಡು... ನನ್ನಂಥಾಕಿಗೆ ತ್ರಾಸ ಆಗಬಾರದಂತ ಎಲ್ಲಾ ಕತ್ತರಿಸೇ ಇಡ್ತಾನ!"

ಅಜ್ಜಿ ಚೂರುಗಳನ್ನು ಗಂಟಿಗೆ ತುಂಬುತ್ತಲೇ ಮುಂದುವರಿಸಿದಳು.

"ಕೌದಿಯ ಕಡೀ ಮೂಲಿ ಮುಚ್ಚೂ ಮುಂದ ಒಂದು ಚೂರು ರೊಟ್ಟಿ, ಬೆಲ್ಲ ಇಟ್ಟು ಹೊಲಿತೀವಿ. ಕೌದಿ ಹಸದಿರಬಾರದಲ್ಲ? ಆವಾಗ ಅವನ ಮಕ್ಕಳು ಮರಿ ತಣ್ಣಗಿರಲಿ ಅಂತ ಬೇಡ್ಕೋತೀನಿ. ಹೆಸರು ಹಿಡಿದು ಬೇಡೋಣಂದ್ರ ಗೊತ್ತಿಲ್ಲ... ನಿನಗ ಗೊತ್ತೈತೇನಪಾ?"

ಭೂಮಿ ಬಾಯಿಬಿಡಬಾರದೇ ಎನಿಸಿತು ಅವರಿಗೆ. ನಾಚಿಕೆಯಿಂದ ಕಣ್ಣು ತುಂಬಿ ಬಂತು...

"ಇಲ್ಲಬೇ ಯವ್ವಾ... ಅಂಥಾವ ಇಲ್ಲಿ ಯಾರೂ ಇಲ್ಲ."

"ಹಂಗ್ಯಾಕಂತೀ? ಅದಾನ, ನಿನಗ ಗೊತ್ತಿಲ್ಲ ಅಷ್ಟ" ಎಂದು ಅಜ್ಜಿ ಗಂಟು ಹೊತ್ತು ಹೊರಟೇಬಿಟ್ಟಳು.

ಅಂದಿನಿಂದ ಆ ಅಂಗಡಿಯಲ್ಲಿ ಫ್ರಾಕಿಗೆ ಬ್ಲೇಡು ತಾಗಿಲ್ಲ. ಮಾರಾಟವಾಗದೆ ಉಳಿದವು ಬಡ ಮಕ್ಕಳಿಗೆ ಪುಕ್ಕಟೆ ಹೋಗುತ್ತವೆ.

ಗಿರಾಕಿಗಳು ತೊಟ್ಟು ಹಳತಾದ ಬಟ್ಟೆಯನ್ನೂ ಮುರಿಗೆಪ್ಪನವರು ವಾಪಸ್ ಕೇಳಿ ಪಡೆಯುತ್ತಾರೆ. ಒಗೆಸಿ, ಕೌದಿಯ ಅಳತೆಗೆ ತಾವೇ ಕತ್ತರಿಸಿ, ಗೇಟಿನ ಬಳಿ ಇಟ್ಟು ಬರುತ್ತಾರೆ.

ಎದುರಿಗೆ ಸಿಕ್ಕಾಗಲೆಲ್ಲ ಅಜ್ಜಿ ಆ ಪುಣ್ಯಾತ್ಮನ ಹೆಸರು ಕೇಳುತ್ತಾಳೆ... ಹೇಳಲು ಅವರಿಗೆ ಇನ್ನೂ ನಾಲಿಗೆ ಏಳುವುದಿಲ್ಲ.

*ಇನ್ನೊಂದು ಜೀವವನ್ನು ಬೆಚ್ಚಗಿಡಬಲ್ಲ ಬಟ್ಟೆ ಎಂದಿಗೂ ಕಸವಲ್ಲ.*

ನಿಮ್ಮ ಮನೆಯ ಬೀರುವಿನಲ್ಲಿ ಯಾವ ಕೂಸಿನ ಕೌದಿ ಹಳೆಯ ಬಟ್ಟೆಯಾಗಿ ಮಡಚಿಕೊಂಡು ಕೂತಿದೆ... ಒಮ್ಮೆ ತೆಗೆದು ನೋಡುತ್ತೀರಾ?