ತಿಪ್ಪೆಯೊಳಗಿನ ಅಪರೂಪದ ಲೋಹ

"ಮೊಬೈಲು, ಸ್ಪೀಕರು, ಕ್ಷಿಪಣಿ, ಎಲ್ಲದರ ಅಯಸ್ಕಾಂತಕ್ಕೂ ಈ ಅಪರೂಪದ ಲೋಹ ಬೇಕು. ಸದ್ಯಕ್ಕೆ ಹೊರದೇಶದೋರ ಕಾಲು ಹಿಡೀತಾ ಇದ್ದೀವಿ," ಎನ್ನುತ್ತ ಭೂವಿಜ್ಞಾನಿಯೊಬ್ಬ ಬೋರಲಿಂಗಯ್ಯನ ಹಿತ್ತಿಲ ತಿಪ್ಪೆಯ ಮೇಲೆ ಲೋಹ ಪತ್ತೆಹಚ್ಚುವ ಯಂತ್ರ ಹಿಡಿದ. ಯಂತ್ರ ಕಿರುಚಿಕೊಂಡಿತು.

ಬೋರಲಿಂಗಯ್ಯನಿಗೆ ಮೈಯೆಲ್ಲ ಪುಳಕ. ಬೆಳಗಿನ ಜಾವವೇ ಗುಡಿಯ ಮುಂದೆ ಹಾಡು ಹಾಕಿ ಊರನ್ನೆಲ್ಲ ಎಬ್ಬಿಸುತ್ತಿದ್ದ ಅವನ ಸ್ಪೀಕರುಗಳು ಯುಗಾದಿಯಲ್ಲಿ ಕಳುವಾದಾಗಿನಿಂದ ಅವನು ಮಂಕಾಗಿಬಿಟ್ಟಿದ್ದ. ಈಗ ನೋಡಿದರೆ ದೇಶವೇ ತನ್ನ ತಿಪ್ಪೆಯ ಮುಂದೆ ಕೈಯೊಡ್ಡಿ ನಿಂತಿದೆ! ಓಡಿಹೋಗಿ ಗುದ್ದಲಿ ತಂದ.

"ಅಗೀಬ್ಯಾಡಿ, ಅಲ್ಲಿ ನಾಗಪ್ಪ ಅವ್ನೆ!" ಎಂದು ಹೆಂಡತಿ ಸಾಕಮ್ಮ ಅಡ್ಡ ನಿಂತಳು.

ಗುಡಿಯ ಪೂಜಾರಪ್ಪನೂ ಏದುಸಿರು ಬಿಡುತ್ತ ಓಡಿಬಂದ. "ಹೂಂ ಕಣಯ್ಯ, ನಾನೇ ಕಣ್ಣಾರೆ ನೋಡಿವ್ನಿ!"

"ದೇಶಕ್ಕಿಂತ ನಾಗಪ್ಪ ದೊಡ್ಡೋನಾ?" ಎಂದು ಬೋರಲಿಂಗಯ್ಯ ಗುದ್ದಲಿ ಬೀಸಿಯೇಬಿಟ್ಟ. ಠಣ್ ಎಂದಿತು. ಗೊಬ್ಬರ ಸರಿಸಿ ನೋಡಿದರೆ ಅವನವೇ ಎರಡು ಸ್ಪೀಕರುಗಳು.

ಭೂವಿಜ್ಞಾನಿ ತಲೆಯ ಮೇಲೆ ಕೈ ಹೊತ್ತು ಕೂತ.

"ಯಾರೇ ಇದನ್ನ ಇಲ್ಲಿ ಹೂತೋರು?" ಎಂದು ಬೋರಲಿಂಗಯ್ಯ ಹೆಂಡತಿಯ ಕಡೆ ತಿರುಗಿದ.

"ನಾನೇ. ನಿದ್ದೆ ಇಲ್ದೆ ತಲೆ ಕೆಟ್ಟೋಗಿತ್ತು," ಎಂದಳು ಸಾಕಮ್ಮ. "ಗುಂಡಿ ತೋಡ್ಕೊಟ್ಟಿದ್ದು ಮಾತ್ರ ಪೂಜಾರಪ್ಪ."