ಹೊರಗಿದ್ದ ದಿನಗಳು

ಅವಳು ಚಪಾತಿ ಲಟ್ಟಿಸುತ್ತಿದ್ದಳು. ಊಟದ ಮೇಜಿನ ಮೇಲೆ ಪೌರತ್ವದ ಅರ್ಜಿಗಳನ್ನು ಹರಡಿಕೊಂಡು ಕೂತಿದ್ದ ಗಂಡ ಅಲ್ಲಿಂದಲೇ ಕೂಗಿದ.

“ಈ ಐದು ವರ್ಷದಲ್ಲಿ ನೀನು ಎಷ್ಟು ದಿನ ಹೊರಗಿದ್ದೆ? ಸರಿಯಾಗಿ ಹೇಳು, ಜಾಸ್ತಿಯಾದ್ರೆ ಅರ್ಜಿ ವಾಪಸ್ ಬರುತ್ತೆ.”

ಅವಳು ಮನಸ್ಸಿನಲ್ಲೇ ಗುಣಿಸಿದಳು. “ತಿಂಗಳಿಗೆ ಮೂರು. ಒಟ್ಟು ನೂರೆಂಬತ್ತು.”

ಗಂಡ ಪೆನ್ನು ಕೆಳಗಿಟ್ಟು ನಕ್ಕ. “ಆ ಹೊರಗಲ್ಲ ಕಣೇ! ಈ ದೇಶದಿಂದ ಹೊರಗೆ!”

“ಸರ್ಕಾರಕ್ಕೂ ಮುಟ್ಟಿನ ಲೆಕ್ಕ ಒಪ್ಪಿಸ್ತಾಳಂತೆ,” ಎಂದು ಅತ್ತೆಯೂ ನಕ್ಕರು. ಆ ಮೂರು ದಿನ ಅವಳು ನೆಲಮಾಳಿಗೆಯಲ್ಲಿ ಮಲಗಬೇಕು, ಅವಳ ತಟ್ಟೆಯನ್ನು ಮೆಟ್ಟಿಲ ಮೇಲಿಡಬೇಕು ಎಂದು ಗೊತ್ತುಮಾಡಿದವರು ಅವರೇ.

“ದೇಶದಿಂದ ಹೊರಗೆ ಒಂದು ದಿನವೂ ಇಲ್ಲ,” ಎಂದಳು. ಇಲ್ಲಿದ್ದ ದಿನಗಳು ಕಡಿಮೆ ಬಿದ್ದಾವೆಂದು, ಅಮ್ಮ ತೀರಿಕೊಂಡಾಗಲೂ ಗಂಡ ಅವಳನ್ನು ಊರಿಗೆ ಕಳಿಸಿರಲಿಲ್ಲ.

“ಹಾಗಾದ್ರೆ ಸೊನ್ನೆ. ನಿಂದೇ ಎಲ್ಲರಿಗಿಂತ ಸಲೀಸು ಕಣೇ. ನೀನು ಪೂರ್ತಿ ಒಳಗೇ ಇದ್ದವಳು,” ಎಂದು ಅವನು ಸೊನ್ನೆ ಬರೆದು ಅವಳ ಸಹಿ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಅವಳು ಹೊರಗಾದಳು. ಸ್ನಾನ ಮಾಡಿ, ದೇವರ ದೀಪ ಹಚ್ಚಿ, ಯಾರಿಗೂ ಏನೂ ಹೇಳದೆ ಅತ್ತೆಗೆ ಕಾಫಿ ಬೆರೆಸಿಕೊಟ್ಟಳು.